ಕೆಮಿಕಲ್ ಬೇಡ, ನಿಯಾಸಿನಮೈಡ್ ಇರಲಿ

ದಾವಣಗೆರೆಯಲ್ಲಿ ಈಗ ಕೆಮಿಕಲ್ ಎಂಬ ಪದಕ್ಕೆ ಬಂದಿರುವಷ್ಟು ಕೆಟ್ಟ ಹೆಸರು ಠೇವಣಿ ಕಳೆದುಕೊಂಡ ಅಭ್ಯರ್ಥಿಗೂ ಬಂದಿಲ್ಲ. ಬೆಣ್ಣೆ ದೋಸೆಗೆ ಬೆಣ್ಣೆ ಹೆಚ್ಚಾಯಿತೆಂದು ಇಲ್ಲಿ ಯಾರೂ ದೂರುವುದಿಲ್ಲ. ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿಯನ್ನು ಎಷ್ಟನೆಯ ಸಲ ಕಾಯಿಸಿದ ಎಣ್ಣೆಯಲ್ಲಿ ಕರಿದಿದ್ದಾರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಮುಖಕ್ಕೆ ಹಚ್ಚುವ ಮಾತು ಬಂದಾಗ ಮಾತ್ರ ಊರಿಗೆ ಊರೇ ಮಡಿ.

ಹೀಗಾಗಿ ಸಮುದಾಯ ಭವನಗಳಲ್ಲಿ ‘ರಾಸಾಯನಿಕ ಮುಕ್ತ ಶೀಟ್ ಮಾಸ್ಕ್ ತಯಾರಿಕಾ ಶಿಬಿರ’ಗಳು ಆರಂಭವಾಗಿವೆ. ಶೀಟ್ ಮಾಸ್ಕ್ ಎಂದರೆ ಎಸೆನ್ಸ್ ಎಂಬ ದ್ರವದಲ್ಲಿ ನೆನೆಸಿ ಮುಖಕ್ಕೆ ಮುಚ್ಚಿಕೊಳ್ಳುವ ಹಾಳೆ. ದೀಪ ಬೆಳಗಿಸಿ, ಶಾಲು ಹೊದಿಸಿ, ಹಾರ ಹಾಕಿದ ಮೇಲೆ ಮುಖ್ಯ ಅತಿಥಿಗಳು “ನಮ್ಮ ಅಜ್ಜಿಯರು ಯಾವ ಕೆಮಿಕಲ್ ಹಚ್ಚಿಕೊಂಡಿದ್ದರು?” ಎಂದು ಗುಡುಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಮೇಜಿನ ಮೇಲಿನ ಬಟ್ಟೆ ಸರಿಸಿದರೆ ಅಜ್ಜಿಯರ ಪರಂಪರೆಯ ಸಾಮಗ್ರಿಗಳು ಪ್ರತ್ಯಕ್ಷ: ನಿಯಾಸಿನಮೈಡ್ ಎಂಬ ಬಿ3 ವಿಟಮಿನ್, ತೇವ ಹಿಡಿದಿಡುವ ಹಯಲುರಾನಿಕ್ ಆಮ್ಲ, ಚರ್ಮ ಮೆದುಗೊಳಿಸುವ ಪ್ಯಾಂಥೆನಾಲ್, ಅಲಾಂಟೊಯಿನ್. ಎಲ್ಲವೂ ಕೊರಿಯರ್‌ನಲ್ಲಿ ಬಂದದ್ದು. ಪಕ್ಕದಲ್ಲಿ ಮಾತ್ರೆಯಂತೆ ಒತ್ತಿಟ್ಟ ಹಾಳೆಗಳು. ನೀರು ತಾಕಿದೊಡನೆ ಅರಳಿ ಕಣ್ಣು, ಮೂಗು, ಬಾಯಿಗೆ ತೂತಿರುವ ಮುಖವಾಗುತ್ತವೆ.

ಬೆರೆಸಲು ಶುದ್ಧ ನೀರು ಬೇಕೆಂದು, ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿಗಾಗಿ ಪಿ.ಬಿ. ರಸ್ತೆಯ ಇನ್ವರ್ಟರ್ ಅಂಗಡಿಗೆ ಹೋಗುತ್ತಾರೆ. “ಯಾವ ಬ್ಯಾಟರಿಗೆ ಅಕ್ಕ?” “ಬ್ಯಾಟರಿಗಲ್ಲ ಅಣ್ಣ, ಮುಖಕ್ಕೆ.” ಅಂಗಡಿಯವನು ಈಗ ಬೆಚ್ಚಿ ಬೀಳುವುದನ್ನೂ ಬಿಟ್ಟಿದ್ದಾನೆ.

ಇನ್ನು ತೂಕದ ಕಥೆ. ನಿಯಾಸಿನಮೈಡ್ ಶೇ. 4ರಿಂದ 5 ಇದ್ದರೆ ಬೇಕಾದಷ್ಟಾಯಿತು, ಎಂದರೆ 100 ಗ್ರಾಂ ದ್ರಾವಣಕ್ಕೆ ಹೆಚ್ಚೆಂದರೆ 5 ಗ್ರಾಂ. ಆದರೆ ಶೇಕಡಾವಾರು ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶವೆಂದೇ ನಂಬಿರುವ ನಾಡು ನಮ್ಮದು. ಐದು ಬಂದರೆ ನೆಂಟರಿಗೆ ಹೇಳುವುದು ಹೇಗೆ? ವಿದ್ಯಾನಗರದವರು ಹತ್ತು ಹಾಕಿದರೆಂದು ಪಿ.ಜೆ. ಬಡಾವಣೆಯವರು ಇಪ್ಪತ್ತು ಹಾಕುತ್ತಾರೆ. ಒದ್ದೆ ಹಾಳೆಯನ್ನು ಮುಖಕ್ಕೆ ಮುಚ್ಚಿದಾಗ ಒಳಗಿನ ದ್ರವ ಆರಲಾರದೆ ಚರ್ಮಕ್ಕೆ ಇನ್ನಷ್ಟು ಇಳಿಯುತ್ತದೆ, ಬರಿದೇ ಹಚ್ಚಿದಾಗ ಸುಮ್ಮನಿದ್ದ ಪ್ರಮಾಣವೂ ಆಗ ಉರಿಸಬಹುದು. ಉರಿ ಬಂದರೆ ಶಿಬಿರದಲ್ಲಿ ಅದಕ್ಕೆ ‘ಕೆಲಸ ಮಾಡುತ್ತಿದೆ’ ಎಂದು ಹೆಸರು.

ಹಯಲುರಾನಿಕ್ ಆಮ್ಲದ್ದು ಬೇರೆಯೇ ಪ್ರಹಸನ. 100 ಗ್ರಾಂಗೆ 0.2 ಗ್ರಾಂ ಸಾಕು. ಒಂದು ಗ್ರಾಮಿಗಿಂತ ಕೆಳಗೆ ಏನನ್ನೂ ಕಾಣದ ಅಡುಗೆಮನೆಯ ತಕ್ಕಡಿ ಸೊನ್ನೆ ತೋರಿಸುತ್ತದೆ, ಇವರು ಸುರಿಯುತ್ತಾರೆ. ಅದು ಮತ್ತೆ ಸೊನ್ನೆ ತೋರಿಸುತ್ತದೆ, ಇವರು ಮತ್ತೆ ಸುರಿಯುತ್ತಾರೆ. ಕೊನೆಗೆ ಬಟ್ಟಲಲ್ಲಿ ಉಳಿಯುವುದು ಎಸೆನ್ಸ್ ಅಲ್ಲ, ಲೋಳೆ. ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ಕದಡಿಕೊಂಡು ನೀರಿಗೆ ಹಾಕಿದರೆ ಗಂಟಾಗುವುದಿಲ್ಲ ಎಂಬುದನ್ನು ಹೇಳಲು ಸಮಯ ಸಾಲುವುದಿಲ್ಲ, ವಂದನಾರ್ಪಣೆ ಇರುತ್ತದೆ. ಈ ಆಮ್ಲ ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿದಿಡುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಅದು ನಿಜವಾಗಿದ್ದರೆ ಪಾಲಿಕೆಯವರು ಒಂದೆರಡು ಮೂಟೆ ತರಿಸಿ ಕುಂದುವಾಡ ಕೆರೆಗೆ ಸುರಿಯಬಾರದೇಕೆ? ಬೇಸಿಗೆಯಲ್ಲಿ ಭದ್ರಾ ನಾಲೆಯ ದಾರಿ ಕಾಯುವುದಾದರೂ ತಪ್ಪುತ್ತಿತ್ತು.

ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸರಿಪಡಿಸಲು ನಿಂಬೆಹಣ್ಣು ಹಿಂಡುವವರೂ ಇದ್ದಾರೆ. ನಿಂಬೆರಸದ ಪಿಎಚ್ ಎರಡರ ಆಸುಪಾಸು; ಚರ್ಮಕ್ಕೆ ಒಗ್ಗುವುದು ಐದರ ಸುತ್ತ. ನಿಂಬೆ ತಾಕಿದ ಮುಖದಲ್ಲಿ ಏಪ್ರಿಲ್ ಬಿಸಿಲಿಗೆ ಜಯದೇವ ವೃತ್ತದವರೆಗೆ ಹೋಗಿಬಂದರೆ ಕಪ್ಪು ಕಲೆಗಳು ಪುಕ್ಕಟೆಯಾಗಿ ಸಿಗುತ್ತವೆ.

ಇಷ್ಟೆಲ್ಲ ಪುಡಿ ಬೆರೆಸಿದ ಮೇಲೆ ಶಿಬಿರದಲ್ಲಿ ಒಂದೇ ಒಂದು ಸಾಮಗ್ರಿಯನ್ನು ಕೈಯೆತ್ತಿ ತಿರಸ್ಕರಿಸುತ್ತಾರೆ: ಸಂರಕ್ಷಕ, ಎಂದರೆ ಸೂಕ್ಷ್ಮಾಣುಗಳು ಬೆಳೆಯದಂತೆ ತಡೆಯುವ ವಸ್ತು. ಶೇ. 1ರ ಒಳಗೆ ಹಾಕಬೇಕಾದ ಫಿನಾಕ್ಸಿಎಥನಾಲ್‌ನ ಹೆಸರು ಕೇಳಿದರೆ ಸಭೆಗೆ ಸಭೆಯೇ ಮುಖ ಸಿಂಡರಿಸುತ್ತದೆ. “ಅಯ್ಯೋ, ಅದು ಕೆಮಿಕಲ್!” ಒದ್ದೆ ಚಮಚ ಅದ್ದಿದರೆಂದು ಸೊಸೆಯ ಮೇಲೆ ವಾರವಿಡೀ ಮುನಿದು ಉಪ್ಪಿನಕಾಯಿ ಜಾಡಿಯನ್ನು ಕಾಯುವ ಅತ್ತೆಯೇ ಇಲ್ಲಿ ಬಹುಪಾಲು ನೀರೇ ಆದ ಎಸೆನ್ಸನ್ನು ಖಾಲಿ ಪನ್ನೀರಿನ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಡುತ್ತಾಳೆ. ಫ್ರಿಜ್ಜು ಸೂಕ್ಷ್ಮಾಣುಗಳನ್ನು ನಿಧಾನಗೊಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುವ ದ್ರವದಲ್ಲೂ ಅವುಗಳ ಸಂಸಾರ ಲಕ್ಷಗಟ್ಟಲೆ ಇರಬಹುದು. “ವಿಟಮಿನ್ ಇ ಮಾತ್ರೆ ಒಡೆದು ಹಾಕಿದ್ದೇನಲ್ಲ” ಎನ್ನುತ್ತಾರೆ. ಅದು ಎಣ್ಣೆ ಕಮಟದಂತೆ ತಡೆಯುತ್ತದೆ ಅಷ್ಟೇ. ನೀರಿನ ಮೇಲೆ ತೇಲುತ್ತಾ, ಕೆಳಗೆ ನಡೆಯುವ ಸಂತಾನಾಭಿವೃದ್ಧಿಯನ್ನು ಅದು ನೋಡುತ್ತಿರುತ್ತದೆ.

ತಮ್ಮ ಮುಖಕ್ಕೆ ತಾವು ಮಾಡಿಕೊಂಡರೆ ಅವರ ಪಾಡು ಎನ್ನಬಹುದಿತ್ತು. ಆದರೆ ಎರಡನೆಯ ವಾರಕ್ಕೇ ಅದು ‘ಉದ್ಯಮ’ವಾಗುತ್ತದೆ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಇದೆ, 2020ರ ಪ್ರಸಾಧನ ನಿಯಮಗಳಿವೆ, ತಯಾರಿಸಿ ಮಾರಲು ಪರವಾನಗಿ ಬೇಕು, ಚೀಟಿಯ ಮೇಲೆ ಏನೇನಿದೆ, ಯಾವಾಗ ಕೆಡುತ್ತದೆ ಎಂದು ಬರೆಯಬೇಕು. ನಮ್ಮ ಬಾಟಲಿಗಳ ಮೇಲೆ ಮಾತ್ರ ಒಂದು ಎಲೆಯ ಚಿತ್ರ ಮತ್ತು ‘ಪ್ರೀತಿಯಿಂದ ತಯಾರಿಸಿದ್ದು’ ಎಂಬ ಸಾಲು. ಪ್ರೀತಿಗೆ ಅವಧಿ ಮುಗಿಯುವ ದಿನಾಂಕ ಹಾಕುವುದು ಹೇಗೆ, ಅದೂ ಸರಿಯೇ.

ಕೆನ್ನೆ ಕೆಂಪಾಗಿ, ಕೀವುಗುಳ್ಳೆ ಎದ್ದ ಮೇಲೆ ಚರ್ಮವೈದ್ಯರ ಸರದಿ. ವೈದ್ಯಕೀಯ ಕಾಲೇಜುಗಳಿರುವ ಊರು, ವೈದ್ಯರಿಗೇನೂ ಬರವಿಲ್ಲ.

“ಏನು ಹಚ್ಚಿದಿರಿ ತಾಯಿ?”

“ಏನೂ ಇಲ್ಲ ಡಾಕ್ಟರೇ, ಎಲ್ಲಾ ನೈಸರ್ಗಿಕ.”

ವೈದ್ಯರು ಹಣೆ ಒತ್ತಿಕೊಂಡು ಮುಲಾಮು ಬರೆಯುತ್ತಾರೆ. ಔಷಧಿ ಅಂಗಡಿಯಲ್ಲಿ ಅದರ ಪೊಟ್ಟಣವನ್ನು ಹಿಂದುಮುಂದಾಗಿ ತಿರುಗಿಸಿ, ಇದ್ದಷ್ಟು ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದ ಮೇಲೆ ಆಕೆ ಅದನ್ನು ಕೌಂಟರಿನ ಮೇಲೆ ಹಿಂದಕ್ಕೆ ತಳ್ಳುತ್ತಾಳೆ.

“ಇದರಲ್ಲಿ ಫಿನಾಕ್ಸಿ ಅದೇನೋ ಇದೆಯಲ್ಲಪ್ಪ. ಇದೇ ಮುಲಾಮು, ಕೆಮಿಕಲ್ ಇಲ್ಲದ್ದು ಕೊಡು.”