ಲಸಿಕೆಯ ಪಾಠದಲ್ಲಿ ಆಕಾರದ ಮಾತು ಯಾಕಿಲ್ಲ?

ಬೆಳಿಗ್ಗೆ ಲಸಿಕೆ ಬಗ್ಗೆ ಒಂದು ವಿಡಿಯೋ ನೋಡಿದೆ. "ಸತ್ತ ವೈರಸ್ಸನ್ನೋ ಅದರ ತುಂಡನ್ನೋ ಮೈಗೆ ಚುಚ್ಚಿದರೆ ಸಾಕು, ಉಳಿದದ್ದನ್ನು ದೇಹ ನೋಡಿಕೊಳ್ಳುತ್ತದೆ" ಅಂದರು. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಈ ವಿಷಯ ಬಂದರೆ ನಾನು ಸುಮ್ನೆ ಇರುವವಳಲ್ಲ, ನಿಮಗೆ ಗೊತ್ತಲ್ವಾ.

ಸಾಕಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಹಾಗೇ ಮಾಡಿ ನೋಡಿದ್ದರು. ಹಸುಗೂಸುಗಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ವೈರಸ್ಸನ್ನು ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ಕೊಂದು ಲಸಿಕೆ ಮಾಡಿದರು. ವೈರಸ್ಸನ್ನು ಹಿಡಿಯಲು ದೇಹ ಮಾಡುವ ಪ್ರೋಟೀನುಗಳು, ಅಂದರೆ ಆಂಟಿಬಾಡಿಗಳೇನೋ ಹುಟ್ಟಿದವು. ಆದರೆ ಒಂದು ಪ್ರಯೋಗದಲ್ಲಿ, ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳಲ್ಲಿ ಶೇ. 80ರಷ್ಟು ಆಸ್ಪತ್ರೆ ಸೇರಿದರು. ಅದು ಸಿಗದ ಮಕ್ಕಳಲ್ಲಿ ಶೇ. 5ರಷ್ಟು ಮಾತ್ರ. ಲಸಿಕೆ ಪಡೆದವರಲ್ಲಿ ಇಬ್ಬರು ಮಕ್ಕಳು ತೀರಿಕೊಂಡರು.

ಇದಕ್ಕೆ ಕಾರಣ ಒಂದೇ ಅಲ್ಲ. ಆದರೆ ದೊಡ್ಡ ಕಾರಣ ಆಕಾರ. ಆ ವೈರಸ್ಸಿನ ಮೈಮೇಲಿರುವ ಎಫ್ ಪ್ರೋಟೀನ್ ಅದುಮಿಟ್ಟ ಸ್ಪ್ರಿಂಗ್ ಇದ್ದ ಹಾಗೆ. ಒಮ್ಮೆ ಚಿಮ್ಮಿತೆಂದರೆ ಉದ್ದ ಕಡ್ಡಿಯಾಗುತ್ತದೆ, ಮತ್ತೆ ಮಡಚಿಕೊಳ್ಳುವುದಿಲ್ಲ. ವೈರಸ್ಸನ್ನು ಚೆನ್ನಾಗಿ ತಡೆಯುವ ಆಂಟಿಬಾಡಿಗಳು ಹಿಡಿಯುವುದು ಮಡಚಿದ ರೂಪದ ತುದಿಯನ್ನು. ಚಿಮ್ಮಿದ ಮೇಲೆ ಆ ತುದಿಯೇ ಇರುವುದಿಲ್ಲ. ಫಾರ್ಮಲಿನ್ ಲಸಿಕೆಯಲ್ಲಿ ಇದ್ದದ್ದು ಹೆಚ್ಚಾಗಿ ಚಿಮ್ಮಿಹೋದ ಕಡ್ಡಿಗಳೇ. ದೇಹ ಅದನ್ನು ನೋಡಿ ಕಲಿತದ್ದೂ ತಪ್ಪು ರೂಪವನ್ನೇ.

"ಪೋಲಿಯೋ ವೈರಸ್ಸನ್ನೂ ಫಾರ್ಮಲಿನ್‌ನಲ್ಲೇ ಕೊಂದರಲ್ಲ, 1955ರಲ್ಲಿ ಸಾಲ್ಕ್ ಲಸಿಕೆ ಗೆದ್ದಿತಲ್ಲ" ಅಂತ ಯಾರಾದರೂ ಕೇಳಬಹುದು. ಹೌದು, ಗೆದ್ದಿತು, ಆಕಾರ ಉಳಿದಿದ್ದಕ್ಕೇ ಗೆದ್ದಿತು. ಪೋಲಿಯೋ ವೈರಸ್ಸಿನ ಕವಚವನ್ನು ಬಿಸಿ ಮಾಡಿದರೆ 'ಡಿ' ಎಂಬ ಮೂಲ ರೂಪ ಹೋಗಿ 'ಸಿ' ಎಂಬ ಬೇರೆ ರೂಪ ಬರುತ್ತದೆ. ಆ ಸಿ ರೂಪದಿಂದ ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಇವತ್ತಿಗೂ ಆ ಲಸಿಕೆಯ ಬಲವನ್ನು ಡಿ-ಆಂಟಿಜೆನ್ ಲೆಕ್ಕದಲ್ಲೇ ಅಳೆಯುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ. ಎಷ್ಟೋ ವರ್ಷ ತರಗತಿಯಲ್ಲಿ ನಾನೂ ಆ ವಿಡಿಯೋದ ವಾಕ್ಯವನ್ನೇ ಹೇಳಿಕೊಟ್ಟಿದ್ದೇನೆ. ಆ ಮಕ್ಕಳ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ.

2013ರಲ್ಲಿ ವಿಜ್ಞಾನಿಗಳಾದ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ಎಫ್ ಪ್ರೋಟೀನಿನ ಮಡಚಿದ ರೂಪವನ್ನು ಕಂಡರು. ಅದು ಚಿಮ್ಮದಂತೆ ಒಳಗಿನಿಂದ ಬಿಗಿದರು. 2023ರಲ್ಲಿ ಈ ಮಡಚಿದ ರೂಪವನ್ನೇ ಬಳಸಿದ ಆರ್‌ಎಸ್‌ವಿ ಲಸಿಕೆಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲೂ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನನ್ನು ಪ್ರೋಲಿನ್ ಎಂಬ ಎರಡು ಅಮೈನೋ ಆಮ್ಲಗಳಿಂದ ಹೀಗೇ ಹಿಡಿದಿಟ್ಟಿದ್ದಾರೆ.

ಆರ್‌ಎಸ್‌ವಿಯ ಹಳೆ ಲಸಿಕೆಗೂ ಹೊಸದಕ್ಕೂ ವೈರಸ್ಸೂ ಅದೇ, ಪ್ರೋಟೀನೂ ಅದೇ; ಬದಲಾದದ್ದು ಆಕಾರ. ವಿಡಿಯೋ ಮಾಡಿದವರಿಗೆ ಇಷ್ಟನ್ನೂ ಬರೆದು ಕಳಿಸಿದ್ದೇನೆ. ಆ ಒಂದು ವಾಕ್ಯವನ್ನು ತಿದ್ದಿ ಅಂತ ಕೇಳಿಕೊಂಡಿದ್ದೇನೆ.