ಹತ್ತನೇ ಕ್ಲಾಸಿನವರಿಗೆ ಡಾನ್ಸ್ ಯಾಕಿಲ್ಲ?

ನಮ್ಮೂರಿನ ಹೈಸ್ಕೂಲಿನಲ್ಲಿ ಈ ಸಲ ವಾರ್ಷಿಕೋತ್ಸವಕ್ಕೆ ಹತ್ತನೇ ಕ್ಲಾಸಿನವರು ಸ್ಟೇಜ್ ಹತ್ತುವ ಹಾಗಿಲ್ಲವಂತೆ. ಎಂಟು, ಒಂಬತ್ತನೆಯವರು ಡಾನ್ಸ್ ಮಾಡುತ್ತಾರೆ, ಹತ್ತನೆಯವರು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಅಣ್ಣನ ಮಗಳು ಅಲ್ಲೇ ಓದುತ್ತಾಳೆ. ಯಾಕಮ್ಮ ಅಂತ ಕೇಳಿದರೆ, "ರಿಸಲ್ಟು ಚಿಕ್ಕಪ್ಪ" ಅಂದಳು. ಒಂದೇ ಮಾತು. ಅವಳಿಗೆ ಬೇಜಾರು ಕೂಡ ಇದ್ದ ಹಾಗೆ ಕಾಣಲಿಲ್ಲ, ಇದೆಲ್ಲ ಇರುವುದೇ ಹೀಗೆ ಅನ್ನುವ ಥರ ಹೇಳಿ ಬ್ಯಾಗ್ ಎತ್ತಿಕೊಂಡು ಒಳಗೆ ಹೋದಳು. ನನಗೆ ತಲೆ ಕೆಟ್ಟಿದ್ದು ಅದಕ್ಕೇ.

ಆಟದ ಪಿರಿಯಡ್ ಯಾವಾಗಲೋ ಹೋಗಿದೆ. ಟೈಮ್‌ಟೇಬಲ್‌ನಲ್ಲಿ ಪಿಟಿ ಅಂತ ಇರುತ್ತದೆ, ಬರುವವರು ಗಣಿತದ ಸಾರ್. ಬೆಳಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಗುಂಪು ಅಧ್ಯಯನ. ಹಳ್ಳಿಯಿಂದ ಬರುವ ಮಕ್ಕಳು ಏಳೂಕಾಲಿನ ಬಸ್ಸಿಗೇ ಮನೆ ಬಿಡಬೇಕು, ವಾಪಸ್ ಮನೆ ಸೇರುವಷ್ಟರಲ್ಲಿ ಕತ್ತಲು. ಇದು ಜೂನ್‌ನಿಂದ ಮಾರ್ಚ್‌ವರೆಗೆ. ಪ್ರವಾಸ ಇಲ್ಲ, ಡಾನ್ಸ್ ಇಲ್ಲ, ಖೋ ಖೋ ಟೀಮಿಗೆ ಸೆಲೆಕ್ಟ್ ಆದವರನ್ನೂ ತಾಲ್ಲೂಕು ಮಟ್ಟ ಮುಗಿದ ಮೇಲೆ "ಸಾಕು ಬಿಡಿ" ಅಂದುಬಿಡುತ್ತಾರೆ.

ಈ ಒತ್ತಡ ಎಲ್ಲಿಂದ ಬರುತ್ತದೆ ಅಂತ ನನಗೂ ಗೊತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳನ್ನು ಮೇಲಿಂದ ಕೆಳಗೆ ಜೋಡಿಸಿ ಪಟ್ಟಿ ಬಿಡುತ್ತಾರೆ. ನಮ್ಮ ತುಮಕೂರಿನಲ್ಲಿ ಅಂಥವು ಎರಡು, ತುಮಕೂರು ಮತ್ತು ಮಧುಗಿರಿ. ಮಾರನೇ ದಿನ ಪೇಪರಿನಲ್ಲಿ ಯಾರು ಎಷ್ಟನೇ ಸ್ಥಾನ, ಹೋದ ವರ್ಷಕ್ಕಿಂತ ಎಷ್ಟು ಕೆಳಗೆ ಅಂತೆಲ್ಲ ಬರುತ್ತದೆ. ಆಮೇಲೆ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರನ್ನು ಕೇಳುತ್ತಾರೆ, ಬಿಇಒ ಹೆಡ್‌ಮಾಸ್ಟರನ್ನು ಕೇಳುತ್ತಾರೆ, ಹೆಡ್‌ಮಾಸ್ಟರ್ ಸ್ಟಾಫ್ ರೂಮಿನಲ್ಲಿ ಕೂಗಾಡುತ್ತಾರೆ, ಕೊನೆಗೆ ಅದು ಬಂದು ಬೀಳುವುದು ಹದಿನೈದು ವರ್ಷದ ಹುಡುಗಿಯ ಡಾನ್ಸಿನ ಮೇಲೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಬಂತು, ಅದೂ ಜಾಸ್ತಿ ಗ್ರೇಸ್ ಅಂಕ ಕೊಟ್ಟ ಮೇಲೆ. ಪಟ್ಟಿಯ ಮೇಲಿದ್ದ ಉಡುಪಿ ಶೇ. 94, ಕೊನೆಯಲ್ಲಿದ್ದ ಯಾದಗಿರಿ ಶೇ. 50.59. ಕಾಪಿ ನಿಂತದ್ದು ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಕಡೆ ಅಲ್ಲಿಂದಾಚೆಗೆ ಹತ್ತನೇ ಕ್ಲಾಸು ಅಂದರೆ ವರ್ಷವಿಡೀ ಪರೀಕ್ಷಾ ಹಾಲ್ ಆಗಿಹೋಗಿದೆ.

ನನ್ನ ಮಾತು ಇಷ್ಟೇ. ಸಣ್ಣ ಊರಿನಲ್ಲಿ ಎಲ್ಲ ಥರದ ಮನೆಯ ಮಕ್ಕಳು ಒಟ್ಟಿಗೆ ಇರುವ ಕೊನೆಯ ವರ್ಷ ಹತ್ತನೇ ಕ್ಲಾಸು. ಏಪ್ರಿಲ್ ಬಂತು ಅಂದರೆ ಚೆಲ್ಲಾಪಿಲ್ಲಿ. ಒಬ್ಬ ತುಮಕೂರಿಗೆ ಸೈನ್ಸ್ ಓದಲು ಹೋಗುತ್ತಾನೆ, ಒಬ್ಬ ಐಟಿಐ, ಒಬ್ಬ ಅಪ್ಪನ ಜೊತೆ ಕೊಬ್ಬರಿ ಮಂಡಿಗೆ, ಒಬ್ಬ ಗ್ಯಾರೇಜಿಗೆ, ಇನ್ನೊಬ್ಬ ಬೆಂಗಳೂರಿನ ಯಾವುದೋ ಹೋಟೆಲಿಗೆ. ಒಂದಿಬ್ಬರು ಹುಡುಗಿಯರಿಗೆ ಮನೆಯಲ್ಲಿ ಗಂಡು ನೋಡಲು ಶುರು ಮಾಡಿರುತ್ತಾರೆ, ಕಾನೂನು ಏನೇ ಹೇಳಲಿ. ಆಮೇಲೆ ಇವರೆಲ್ಲ ಒಂದೇ ಬೆಂಚಿನಲ್ಲಿ ಕೂರುವುದು ಈ ಜನ್ಮದಲ್ಲಿ ಇಲ್ಲ. ದುಡ್ಡಿರುವವರ ಮಕ್ಕಳು ಈಗಾಗಲೇ ಇಂಗ್ಲಿಷ್ ಮೀಡಿಯಂ ಬಸ್ ಹತ್ತಿದ್ದಾರೆ, ಅದು ಬೇರೆ ಕತೆ. ಉಳಿದವರಾದರೂ ಒಟ್ಟಿಗಿದ್ದಾರಲ್ಲ, ಆ ವರ್ಷವನ್ನೂ ಬ್ಲೂಪ್ರಿಂಟ್ ಪ್ರಶ್ನೆಪತ್ರಿಕೆಗೇ ಬರೆದುಕೊಟ್ಟರೆ ಹೇಗೆ?

ಒಟ್ಟಿಗಿರುವುದು ಅಂದರೆ ಒಂದೇ ಕೋಣೆಯಲ್ಲಿ ಕೂರುವುದಲ್ಲ. ಕ್ಲಾಸಿನಲ್ಲಿ ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ ಹುಡುಗರು ಒಂದು ಕಡೆ, ಊರಿನವರು ಒಂದು ಕಡೆ, ಬಸ್ಸಿನವರು ಬಾಗಿಲ ಹತ್ತಿರ. ಹುಡುಗ ಹುಡುಗಿಯರ ನಡುವೆ ಅಂತೂ ಗೋಡೆಯೇ. ಪಾಠ ಈ ಗೋಡೆ ಒಡೆಯುವುದಿಲ್ಲ. ಒಡೆಯುವುದು ಬೇರೆ ಸಮಯದಲ್ಲಿ.

ಶಾಲಾ ಮಕ್ಕಳ ಹಾಡು, ಕುಣಿತ, ಭಾಷಣದ ಸ್ಪರ್ಧೆ ಪ್ರತಿಭಾ ಕಾರಂಜಿಯ ಕವ್ವಾಲಿಯನ್ನೇ ತಗೊಳ್ಳಿ. ಹೈಸ್ಕೂಲು ಮಟ್ಟದ ಸ್ಪರ್ಧೆಗಳಲ್ಲಿ ಕವ್ವಾಲಿ ಅಂತ ಒಂದು ಐಟಂ ಇದೆ ಅನ್ನುವುದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ. ನಮ್ಮ ಶಾಲೆಯಲ್ಲಿ ಅದಕ್ಕೆ ಹಾಡಲು ಬರುವ ಮುಸ್ಲಿಂ ಹುಡುಗರು ಒಬ್ಬಿಬ್ಬರು ಸಿಗುತ್ತಿದ್ದರು, ತಂಡಕ್ಕೆ ಅಷ್ಟು ಸಾಲದು. ಹಾಗಾಗಿ ಉಳಿದವರಾಗಿ ಲಿಂಗಾಯತರ ಹುಡುಗ, ಗೊಲ್ಲರಹಟ್ಟಿಯ ಹುಡುಗ, ಮೇಷ್ಟ್ರ ಮಗ, ಯಾರು ಚಪ್ಪಾಳೆಯ ತಾಳ ಹಿಡಿಯುತ್ತಾರೋ ಅವರು. ಉರ್ದು ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ. ಟೋಪಿ, ಜುಬ್ಬಾ ಯಾರ ಮನೆಯಿಂದ ಬರಬೇಕು? ಅದಕ್ಕಾಗಿ ಒಬ್ಬರ ಮನೆಗೆ ಹೋಗಬೇಕು, ಹೋದರೆ ಅವರಮ್ಮ ಟೀ ಕೊಡುತ್ತಾರೆ, ಕೂತು ಕುಡಿಯಬೇಕು. ಸೌಹಾರ್ದದ ಬಗ್ಗೆ ಭಾಷಣ ಸ್ಪರ್ಧೆಯೂ ಪಕ್ಕದ ರೂಮಿನಲ್ಲೇ ನಡೆಯುತ್ತಿರುತ್ತದೆ. ಅದನ್ನು ಕೇಳುವವರು ತೀರ್ಪುಗಾರರು ಮಾತ್ರ.

ಹಾಗಂತ ಪ್ರತಿಭಾ ಕಾರಂಜಿ ಬಲು ಚೆನ್ನಾಗಿ ನಡೆಯುತ್ತದೆ ಅಂತಲ್ಲ. ಕ್ಲಸ್ಟರು, ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋದ ಹಾಗೆ ಬೆಂಗಳೂರಿನಿಂದ ಬಾಡಿಗೆಗೆ ತಂದ ಡ್ರೆಸ್ಸು, ಟ್ಯೂಷನ್ ಕೊಟ್ಟ ಭರತನಾಟ್ಯ ಗೆಲ್ಲುತ್ತದೆ. ಒಂದೇ ಹುಡುಗಿ ಭಾವಗೀತೆಗೂ, ಆಶುಭಾಷಣಕ್ಕೂ, ಪ್ರಬಂಧಕ್ಕೂ. ಆದರೂ ಇರಲಿ ಅನ್ನುತ್ತೇನೆ, ಯಾಕಂದರೆ ಆವತ್ತು ಒಂದು ದಿನ ಸುಮ್ನೆ ಇನ್ನೊಂದು ಶಾಲೆಯ ಕಾಂಪೌಂಡಿನಲ್ಲಿ ಅಲೆದಾಡುವುದು, ಅವರ ಬಿಸಿಯೂಟದ ಸಾರು ನಮ್ಮದಕ್ಕಿಂತ ಚೆನ್ನಾಗಿದೆಯಾ ಅಂತ ನೋಡುವುದು, ಅಲ್ಲಿಯ ಹುಡುಗಿಯರ ಮುಂದೆ ಶರ್ಟ್ ಇನ್ ಮಾಡಿಕೊಂಡು ಓಡಾಡುವುದು, ಇವೆಲ್ಲಕ್ಕೆ ಬೇರೆ ನೆಪ ಎಲ್ಲಿದೆ?

ಇನ್ನು ಖೋ ಖೋ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಎರಡು ಕಂಬ, ಸುಣ್ಣದ ಪುಡಿಯ ಗೆರೆ, ಅಷ್ಟಿದ್ದರೆ ಆಟ. ಬ್ಯಾಟ್ ಬೇಡ, ಶೂ ಇಲ್ಲದಿದ್ದರೂ ನಡೆಯುತ್ತದೆ. ಚೇಸಿಂಗ್ ಮಾಡುವವರು ಎಂಟು ಜನ ಸಾಲಾಗಿ ಎದುರುಬದರು ಮುಖ ಮಾಡಿ ಕೂರಬೇಕು, ಒಂಬತ್ತನೆಯವರು ಓಡಬೇಕು. ಕೂತವರು ತಾವಾಗಿ ಏಳುವ ಹಾಗಿಲ್ಲ. ಹಿಂದಿನಿಂದ ಬಂದು ಬೆನ್ನು ತಟ್ಟಿ "ಖೋ" ಅಂದರೆ ಮಾತ್ರ ಎದ್ದು ಓಡಬೇಕು. ಬೆನ್ನು ತಟ್ಟುವಾಗ ಯಾರ ಮನೆಯವರು ಯಾರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಅಂತ ನೆನಪಿಟ್ಟುಕೊಂಡರೆ ರನ್ನರ್ ಕೈಗೆ ಸಿಗುವುದಿಲ್ಲ. ನಮ್ಮ ಪಿಟಿ ಮೇಷ್ಟ್ರು ಜಾತಿ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. ಖೋ ಮೆಲ್ಲಗೆ ಕೊಟ್ಟರೆ ಮಾತ್ರ ವಿಷಲ್ ಊದಿ ಬೈಯುತ್ತಿದ್ದರು, "ಜೋರಾಗಿ ಹೊಡಿಯೋ, ಅವನೇನು ನಿಮ್ಮ ಮಾವನಾ?"

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದವು. ಮಹಿಳೆಯರ ತಂಡದಲ್ಲಿದ್ದ ಬಿ. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಪುರುಷರ ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ನಮ್ಮ ರಾಜ್ಯ ಸರ್ಕಾರ ತಲಾ 5 ಲಕ್ಷ ಕೊಡುತ್ತೇವೆ ಅಂದಾಗ ಇಬ್ಬರೂ ಬೇಡ ಅಂದರು, ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಟ್ಟಿತ್ತು. ಸರಿಯಾಗೇ ಮಾಡಿದರು ಅನ್ನಿಸಿತು ನನಗೆ. ಆ ವಾರ ನಮ್ಮೂರಿನಲ್ಲೂ ಎಲ್ಲರ ಸ್ಟೇಟಸ್ಸಿನಲ್ಲಿ ಖೋ ಖೋ. ಅದೇ ವಾರ ನಮ್ಮ ಶಾಲೆಯ ಅಂಗಳದಲ್ಲಿ ಹತ್ತನೆಯವರು ಪೂರ್ವಸಿದ್ಧತಾ ಪರೀಕ್ಷೆಗೆ ಉರು ಹೊಡೆಯುತ್ತಿದ್ದರು, ಕಂಬ ಎರಡೂ ಸ್ಟೋರ್ ರೂಮಿನಲ್ಲಿ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಆಟ, ಡಾನ್ಸ್ ನಿಂತರೆ ಮೊದಲು ನಷ್ಟ ಆಗುವುದು ಅವರಿಗೆ. ಹುಡುಗರು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ, ಭಾನುವಾರ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ, ಗಣೇಶ ಕೂರಿಸುವುದಕ್ಕೆ ಚಂದಾ ಎತ್ತುತ್ತಾರೆ. ಹುಡುಗಿಗೆ ಮನೆ ಬಿಟ್ಟರೆ ಶಾಲೆ, ಶಾಲೆ ಬಿಟ್ಟರೆ ಮನೆ. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರಿ ಸೈಕಲ್ ಬಂದಾಗ ನಮ್ಮ ಕಡೆ ದಾರಿ ತುಂಬ ಹುಡುಗಿಯರ ಸೈಕಲ್ ಸಾಲು. ತೆಂಗಿನ ತೋಟದ ನಡುವೆ ಮೂರು ಮೂರು ಜನ ಅಕ್ಕಪಕ್ಕ ಹೋಗುತ್ತಾ ಹರಟೆ, ಹಿಂದೆ ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಕೇಳುತ್ತಿರಲಿಲ್ಲ. ಅದೇ ಅವರ ಕ್ಲಬ್ಬು. ಕೋವಿಡ್ ನಂತರ ಸೈಕಲ್ ಕೊಡುವುದು ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ ಆಯಿತು, ಅದು ದೊಡ್ಡ ಅನುಕೂಲವೇ. ಆದರೆ ರಶ್ಶಿನಲ್ಲಿ ಕಂಬಿ ಹಿಡಿದು ನಿಂತು ಏನು ಹರಟೆ ಹೊಡೆಯುತ್ತಾರೆ? ಹುಡುಗರಾದರೂ ಪಾಸು ತೋರಿಸಿ ಫುಟ್‌ಬೋರ್ಡ್ ಮೇಲೆ ನೇತಾಡುತ್ತಾ ಮಾತಾಡುತ್ತಾರೆ.

ಡಾನ್ಸ್ ಪ್ರಾಕ್ಟೀಸ್ ಅಂದರೆ ಹುಡುಗಿಯರಿಗೆ ಆ ಹದಿನೈದು ದಿನ ಸಂಜೆ ತಡವಾಗಿ ಮನೆಗೆ ಹೋಗಲು ಒಪ್ಪಿಗೆ. ಯಾರ ಲಂಗ ಯಾರಿಗೆ, ಯಾರ ಸರ ಯಾರಿಗೆ ಅಂತ ಕೊಟ್ಟು ತಗೊಳ್ಳುವ ವ್ಯವಹಾರ. "ಲವ್ ಗಿವ್ ಶುರುವಾಗುತ್ತೆ" ಅಂತ ಹೆದರುವ ಪೋಷಕರಿಗೆ ಒಂದು ಮಾತು. ಈಗ ಅದು ಇನ್‌ಸ್ಟಾಗ್ರಾಂನಲ್ಲಿ ಆರಾಮಾಗಿ ಶುರುವಾಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಎಲ್ಲರ ಎದುರು, ಮೇಡಂ ನಿಂತಿರುವಾಗ, ಒಂದು ಕೋಲಾಟಕ್ಕೆ ಹುಡುಗರು ಹುಡುಗಿಯರು ಸೇರಿ ಹೆಜ್ಜೆ ಹಾಕಿದರೆ ಇಬ್ಬರಿಗೂ ಎದುರಿನವರು ಮನುಷ್ಯರು ಅನ್ನುವುದು ಗೊತ್ತಾಗುತ್ತದೆ. ಅಷ್ಟೂ ಗೊತ್ತಾಗದೆ ಕಾಲೇಜಿಗೆ ಹೋಗುವ ಹುಡುಗರನ್ನು ನೋಡಿದ್ದೀರಲ್ಲ.

ಶಾಲಾ ಸಂಸತ್ತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲಿನಲ್ಲಿ ವೋಟಿಂಗ್ ಮೆಷಿನ್ ಆಪ್ ಹಾಕಿ ಚುನಾವಣೆ ಮಾಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಆಮೇಲೆ ಪ್ರಧಾನಿ ಪ್ರಾರ್ಥನೆಗೆ ಲೈನ್ ಮಾಡಿಸುತ್ತಾನೆ, ಆಹಾರ ಮಂತ್ರಿ ತಟ್ಟೆ ಎಣಿಸುತ್ತಾಳೆ, ವಾರ್ಷಿಕೋತ್ಸವದಲ್ಲಿ ಯಾರು ಡಾನ್ಸ್ ಮಾಡಬೇಕು ಅನ್ನುವುದನ್ನು ಮಾತ್ರ ಸಂಸತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಪ್ರವಾಸದ ವಿಷಯದಲ್ಲಿ ಮೇಷ್ಟ್ರುಗಳ ಭಯ ನನಗೆ ಅರ್ಥವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಅದನ್ನು ಓದಿದ ಯಾವ ಮೇಷ್ಟ್ರಿಗೆ ಧೈರ್ಯ ಬರುತ್ತದೆ ಹೇಳಿ. ನೀರಿನ ಹತ್ತಿರ ಬೇಡ, ರಾತ್ರಿ ಪ್ರಯಾಣ ಬೇಡ, ದೂರ ಬೇಡ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನಕ್ಕೆ ಮುಗಿಯುತ್ತದೆ, ಸರ್ಕಾರಿ ಬಸ್ಸನ್ನೇ ಕರಾರಿನ ಮೇಲೆ ತಗೊಳ್ಳಬಹುದು. ಬೆಟ್ಟ ಹತ್ತಿ ಇಳಿದು ಪುಳಿಯೋಗರೆ ತಿಂದು ಬಂದರೂ ಸಾಕು ಆ ಮಕ್ಕಳಿಗೆ.

ಈಗ ಎದುರು ವಾದ. ಬಡವರ ಮನೆಯ ಮಗುವಿಗೆ ಪಾಸ್ ಆಗುವುದೇ ದೊಡ್ಡದು, ಫೇಲ್ ಆದರೆ ಡಾನ್ಸ್ ಅನ್ನ ಹಾಕುತ್ತದಾ ಅಂತ ಒಬ್ಬರು ಮೇಡಂ ನನ್ನನ್ನು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಸ್ಪೆಷಲ್ ಕ್ಲಾಸಿಗೆ ಎಲ್ಲರನ್ನೂ ಕೂಡಿಸುವುದು ಯಾಕೆ? 625ಕ್ಕೆ 580 ತೆಗೆಯುವವಳನ್ನೂ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಾರದವನನ್ನೂ ಒಂದೇ ರೂಮಿನಲ್ಲಿ ಕೂರಿಸಿ ಅದೇ ಪ್ರಮೇಯವನ್ನು ಮತ್ತೆ ಬೋರ್ಡ್ ಮೇಲೆ ಬರೆದರೆ ಇಬ್ಬರಿಗೂ ಉಪಯೋಗ ಇಲ್ಲ. ಬೇಕಾದವರಿಗೆ ಮಾತ್ರ ಬೇಕಾದ ವಿಷಯಕ್ಕೆ ಕ್ಲಾಸ್ ಮಾಡಿ. ವಾರಕ್ಕೆ ಎರಡು ಪಿಟಿ ಪಿರಿಯಡ್ ಮುಟ್ಟಬೇಡಿ. ವಾರ್ಷಿಕೋತ್ಸವವನ್ನು ಡಿಸೆಂಬರ್ ಮೊದಲ ವಾರಕ್ಕೆ ತನ್ನಿ, ಪರೀಕ್ಷೆ ಇರುವುದು ಮಾರ್ಚ್‌ನಲ್ಲಿ. ಈಗ ಒಂದು ಸಲ ತಪ್ಪಿದರೆ ಪರೀಕ್ಷೆ 2 ಅಂತ ಮತ್ತೆ ಬರೆಯಲು ಅವಕಾಶವೂ ಇದೆ. ವಾರ್ಷಿಕೋತ್ಸವಕ್ಕೆ ಹಾಗೆ ಎರಡನೇ ಸಲ ಇಲ್ಲ.

ಇದನ್ನು ಮೇಷ್ಟ್ರುಗಳ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ "ಹತ್ತನೆಯವರಿಗೆ ಕುಣಿತ ಯಾಕೆ ಸಾರ್" ಅಂತ ಮೊದಲು ಕೈ ಎತ್ತಿದವರು ಪೋಷಕರೇ. ಅದರಲ್ಲಿ ನಮ್ಮ ಬ್ಯಾಚಿನವರೂ ಇದ್ದರು. ಅದೇ ಜನ ಈಗ ವಾಟ್ಸಾಪ್ ಗ್ರೂಪಿನಲ್ಲಿ ಗುರುವಂದನಾ ಕಾರ್ಯಕ್ರಮಕ್ಕೆ ದುಡ್ಡು ಎತ್ತುತ್ತಿದ್ದಾರೆ. ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಡ್ರೋನ್ ಕ್ಯಾಮೆರಾ. ಗ್ರೂಪಿನಲ್ಲಿ ದಿನಾ ರಾತ್ರಿ ಏನು ಮಾತು ಅಂತ ನೋಡಿ. ನಾಟಕದಲ್ಲಿ ಮೀಸೆ ಕಿತ್ತು ಬಂದದ್ದು, ಶ್ರವಣಬೆಳಗೊಳದಲ್ಲಿ ಚಪ್ಪಲಿ ಕಳೆದದ್ದು, ಹೋಬಳಿ ಫೈನಲ್‌ನಲ್ಲಿ ಅಂಪೈರ್ ಜೊತೆ ಜಗಳ. ತ್ರಿಕೋನಮಿತಿ ನೆನೆಸಿಕೊಂಡು ಕಣ್ಣೀರು ಹಾಕಿದವರನ್ನು ನಾನಿನ್ನೂ ಕಂಡಿಲ್ಲ.

ಹಾಗಾಗಿ ಗ್ರೂಪಿನವರಿಗೆ ನನ್ನ ಸಲಹೆ. ಡ್ರೋನ್ ಬಿಡಿ. ಆ ದುಡ್ಡಲ್ಲಿ ಖೋ ಖೋ ಕಂಬ ಹೊಸದಾಗಿ ನೆಡಿಸೋಣ, ಟೀಮಿಗೆ ಜೆರ್ಸಿ ಕೊಡಿಸೋಣ, ವಾರ್ಷಿಕೋತ್ಸವದ ಡ್ರೆಸ್ಸಿನ ಬಾಡಿಗೆ ನಾವೇ ಕಟ್ಟೋಣ, ಹತ್ತನೆಯವರದ್ದೂ ಸೇರಿಸಿ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಲು ನಾನು ಬರುತ್ತೇನೆ, ಇನ್ನೊಂದು ನಾಲ್ಕು ಜನ ಬೇಕು. ಬರುವವರು ಗ್ರೂಪಿನಲ್ಲಿ ಹೇಳಿ. ಬೈಯುವವರು ಇಲ್ಲೇ ಕಾಮೆಂಟಿನಲ್ಲಿ ಬೈಯಿರಿ, ಸಂಜೆ ಬಂದು ಓದುತ್ತೇನೆ.