ಸೆಕೆಂಡ್ ಹ್ಯಾಂಡ್ ಗ್ಲಾಸ್ ಮೆಷಿನ್ ತಂದು ನಾನು ಕಲಿತಿದ್ದು

ಕಾರಿನ ಗ್ಲಾಸ್ ದಡ್ ಅಂತ ಬಾಗಿಲೊಳಗೆ ಬೀಳುವ ಸದ್ದು ಒಮ್ಮೆ ಕೇಳಿದರೆ ಮರೆಯೋದಿಲ್ಲ. ನನ್ನದು ಬಿದ್ದಿದ್ದು ಸರಿಯಾಗಿ ಮಳೆ ಶುರುವಾದಾಗ. ಸ್ವಿಚ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತಿದೆ, ಗ್ಲಾಸ್ ಮಾತ್ರ ಮೇಲೆ ಬರುತ್ತಿಲ್ಲ. ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಮೇಲೆಳೆದೆ. ಟೇಪ್ ಅಂಟಿಸಿ ಹೇಗೋ ಮನೆ ಸೇರಿದೆ.

ಕೆಟ್ಟಿದ್ದು ಗ್ಲಾಸ್ ಮೆಷಿನ್, ಅಂದರೆ ಬಾಗಿಲೊಳಗೆ ಕೂತು ಗ್ಲಾಸನ್ನು ಏರಿಸಿ ಇಳಿಸುವ ಸಾಧನ. ಹಳೇ ಕಾರಿಗೆ ಹೊಸ ಮೆಷಿನ್ ಯಾಕೆ, ಗುಜರಿ ಕಾರಿಂದ ಬಿಚ್ಚಿದ್ದು ಸಾಕಲ್ವಾ ಅಂದುಕೊಂಡೆ. ಮಾಡೆಲ್ ಹೆಸರು ಹೇಳಿ ಒಂದು ತಂದೆ. ಬೋಲ್ಟ್ ತೂತುಗಳೆಲ್ಲ ಸರಿಯಾಗಿ ಕೂತವು. ಕಪ್ಲರ್, ಅಂದರೆ ವೈರ್ ಸಿಕ್ಕಿಸುವ ಪ್ಲಗ್, ಕೂರಲಿಲ್ಲ. ನನ್ನ ಮೋಟಾರಿಗೆ 2 ಪಿನ್, ತಂದಿದ್ದಕ್ಕೆ 6.

ಇದು ವೈರ್ ತಿರುಚಿ ಟೇಪ್ ಸುತ್ತಿದರೆ ಮುಗಿಯುವ ವ್ಯವಹಾರ ಅಲ್ಲ. 2 ಪಿನ್ ಮೋಟಾರ್ ಸೀದಾ ಸಾದಾ ಪ್ರಾಣಿ. ಕರೆಂಟ್ ಹೀಗೆ ಕೊಟ್ಟರೆ ಗ್ಲಾಸ್ ಏರುತ್ತದೆ, ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಇಳಿಯುತ್ತದೆ. ಪಿನ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಳಗೆ ಸೆನ್ಸರ್ ಅಥವಾ ಪುಟ್ಟ ಸರ್ಕ್ಯೂಟ್ ಇರುತ್ತದೆ. ಮೋಟಾರ್ ಎಷ್ಟು ಸುತ್ತು ತಿರುಗಿತು ಅಂತ ಅದು ಲೆಕ್ಕ ಇಡುತ್ತದೆ. ಒಂದೇ ಸಲ ಒತ್ತಿದರೆ ಗ್ಲಾಸ್ ಪೂರ್ತಿ ಏರೋದು, ನಡುವೆ ಕೈ ಸಿಕ್ಕಿದರೆ ವಾಪಸ್ ಇಳಿಯೋದು, ಎಲ್ಲ ಆ ಲೆಕ್ಕದ ಮೇಲೇ ನಡೆಯುತ್ತದೆ. ಮಾಡೆಲ್ ಹೆಸರು ಒಂದೇ ಇದ್ದರೂ ಕೆಳಗಿನ ವೇರಿಯಂಟ್‌ದು ಬೇರೆ, ಮೇಲಿನದ್ದು ಬೇರೆ ಇರಬಹುದು. ಫೇಸ್‌ಲಿಫ್ಟ್ ಆಗಿದ್ದರೆ, ಅಂದರೆ ಅದೇ ಮಾಡೆಲ್ಲನ್ನು ಕಂಪನಿ ನಡುವೆ ಸ್ವಲ್ಪ ಬದಲಿಸಿದ್ದರೆ, ಇನ್ನೂ ಗೋಜಲು.

ಕೊನೆಗೆ ನನ್ನ ಹಳೇ ಮೋಟಾರನ್ನೇ ಬಿಚ್ಚಿ ತಂದ ಮೆಷಿನ್ನಿಗೆ ಹಾಕಿದೆ. ಅದೃಷ್ಟಕ್ಕೆ ಮೂರೂ ಸ್ಕ್ರೂ ಕೂತವು. ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮತ್ತೆ ದಡ್!

ಬಿಚ್ಚಿ ನೋಡಿದರೆ ಮೊದಲು ಮುರಿದಿದ್ದ ಜಾಗದಲ್ಲೇ ಮುರಿದಿದೆ. ಗ್ಲಾಸನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್. ಆಗ ತಲೆಗೆ ಹೋಯಿತು. ಬಿಸಿಲು ತಿಂದು ತಿಂದು ನನ್ನ ಪ್ಲಾಸ್ಟಿಕ್ ಸತ್ತಿದೆ ಅಂದರೆ, ಅಷ್ಟೇ ವಯಸ್ಸಿನ ಇನ್ನೊಂದು ಕಾರಿನ ಪ್ಲಾಸ್ಟಿಕ್ ಹೊಸದಾಗಿರುತ್ತಾ?

ಅವತ್ತಿಂದ ನನ್ನ ಅಭಿಪ್ರಾಯ ಇದು, ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ. ಕತ್ತರಿ ಥರ ಕಬ್ಬಿಣದ ತೋಳಿರುವ ಮೆಷಿನ್ ಆದರೆ ಹಳೇದು ಧಾರಾಳವಾಗಿ ತನ್ನಿ. ತುಕ್ಕು ನೋಡಿ, ಹಲ್ಲು ಸವೆದಿದೆಯಾ ನೋಡಿ, ರಿವೆಟ್ ಅಲ್ಲಾಡಿಸಿ ನೋಡಿ, ಸಾಕು. ಮೋಟಾರ್ ಕೂಡ ಹಳೇದು ತರಬಹುದು. ನನ್ನದರ ಥರ ಕೇಬಲ್ ಎಳೆದು ಗ್ಲಾಸ್ ಏರಿಸುವ ಮೆಷಿನ್ ಮಾತ್ರ ಸಾಧ್ಯವಾದರೆ ಹೊಸದೇ ಹಾಕಿ. ಹಳೇದೇ ಗತಿ ಅಂದರೆ ಕ್ಲಿಪ್ಪು, ರಾಟೆ, ಕೇಬಲ್ ಸುತ್ತಿಕೊಳ್ಳುವ ಡ್ರಮ್ಮು ಮೂರನ್ನೂ ಬೆಳಕಿಗೆ ಹಿಡಿದು ಬಿರುಕು ಹುಡುಕಿ. ಕೇಬಲ್ಲಿನ ಒಂದೇ ಒಂದು ಎಳೆ ಎದ್ದಿದ್ದರೂ ವಾಪಸ್ ಇಟ್ಟು ಬನ್ನಿ.

ತೋಳಿನ ಮೆಷಿನ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವಕ್ಕೆ ಗ್ಲಾಸಿನ ಭಾರ ಹೊರಲು ದಪ್ಪ ಸುರುಳಿ ಸ್ಪ್ರಿಂಗ್ ಇರುತ್ತದೆ. ತೋಳನ್ನು ಕಟ್ಟಿ ಭದ್ರ ಮಾಡದೆ ಮೋಟಾರ್ ಬಿಚ್ಚಿದರೆ ಆ ತೋಳು ಚಟ್ಟನೆ ಸಿಡಿಯುತ್ತದೆ. ಬೆರಳು ನಡುವೆ ಇದ್ದರೆ ಕಥೆ ಮುಗೀತು.

ಇನ್ನೊಂದು ಮಾತು. ಕೆಟ್ಟಿದ್ದು ಮೆಷಿನ್ನೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಮೋಟಾರ್ ಸದ್ದು ಬಂದು ಗ್ಲಾಸ್ ಅಲ್ಲಾಡದಿದ್ದರೆ ಸಾಮಾನ್ಯವಾಗಿ ಕೇಬಲ್ಲೋ ಕ್ಲಿಪ್ಪೋ ಹೋಗಿರುತ್ತದೆ. ಸದ್ದೇ ಇಲ್ಲ ಅಂದರೆ ಫ್ಯೂಸ್, ಸ್ವಿಚ್ ನೋಡಿ. ಬಾಗಿಲಿಗೂ ಬಾಡಿಗೂ ನಡುವೆ ಒಂದು ರಬ್ಬರ್ ಕೊಳವೆ ಇರುತ್ತಲ್ಲ, ಅದರೊಳಗಿನ ವೈರನ್ನೂ ನೋಡಿ. ಬಾಗಿಲು ತೆಗೆದು ಹಾಕಿ ಅಲ್ಲೇ ತುಂಡಾಗೋದು ಜಾಸ್ತಿ. ಗ್ಲಾಸ್ ನಿಧಾನ ಏರುತ್ತಿದ್ದರೆ ಪಕ್ಕದ ರಬ್ಬರ್ ಒಣಗಿರಬಹುದು, ಸಿಲಿಕಾನ್ ಸ್ಪ್ರೇ ಹೊಡೆದು ನೋಡಿ.

ತರಲು ಹೋಗುವಾಗ ಹಳೇ ಮೆಷಿನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೊಬೈಲಲ್ಲಿ ಫೋಟೋ ಇದೆ ಅಂತ ಹೋದರೆ ಆಗೋದಿಲ್ಲ. ಪಕ್ಕಪಕ್ಕ ಇಟ್ಟು ತೂತು, ಉದ್ದ, ಕಪ್ಲರ್ ಹೋಲಿಸಬೇಕು. ಮೋಟಾರ್ ಮೇಲಿನ ಪಾರ್ಟ್ ನಂಬರ್ ಅಕ್ಷರ ಅಕ್ಷರ ತಾಳೆ ನೋಡಬೇಕು. ಕೊನೆಯ ಒಂದು ಅಕ್ಷರ ಬೇರೆ ಇದ್ದರೂ ಯಾಕೆ ಅಂತ ಕೇಳಿ. ಎಡ ಬಲ ಹೇಳುವಾಗ ಸೀಟಲ್ಲಿ ಕೂತು ಮುಂದೆ ನೋಡುವವನ ಎಡ ಬಲ ಹೇಳಿ. ಕಾರಿನ ಎದುರು ನಿಂತು ಕೈ ತೋರಿಸಿದರೆ ತಿರುಗುಮುರುಗಾಗುತ್ತದೆ. ‘ಡ್ರೈವರ್ ಸೈಡ್’ ಅನ್ನೋದೂ ಬೇಡ. ಹೊರದೇಶದಿಂದ ಬಂದ ಕಾರಿಂದ ಬಿಚ್ಚಿದ್ದಾದರೆ ಅದರ ಡ್ರೈವರ್ ಇನ್ನೊಂದು ಪಕ್ಕ ಕೂತಿದ್ದಿರಬಹುದು.

2 ಪಿನ್ ಮೋಟಾರ್ ಆದರೆ ಅಲ್ಲೇ 12 ವೋಲ್ಟ್ ಬ್ಯಾಟರಿಗೆ ಹಿಡಿದು ಎರಡೂ ಕಡೆ ಓಡಿಸಿ ನೋಡಿ. ಕೈ ದೂರ ಇರಲಿ. ಮೆಷಿನ್ ಮೇಲಿಂದ ಕೆಳಗೆ ಎಲ್ಲೂ ಕಚ್ಚಿಕೊಳ್ಳದೆ ಹೋಗಬೇಕು. ಓಡಿಸಿ ನೋಡೋದು ಬೇಡ ಅಂತ ಅಂಗಡಿಯವನು ಅಂದರೆ ಆ ಕಡೆ ಮತ್ತೆ ತಿರುಗಿಯೂ ನೋಡಬೇಡಿ.

ಹಾಕಿದ ಮೇಲೆ ಗ್ಲಾಸ್ ತುದಿಗೆ ಹೋಗಿ ತಾನಾಗೇ ವಾಪಸ್ ಇಳಿಯುತ್ತಿದ್ದರೆ ಕೂಡಲೇ ಬಯ್ಯಬೇಡಿ. ಲೆಕ್ಕ ಇಡುವ ಮೋಟಾರಿಗೆ ತುದಿ ಯಾವುದು ಅಂತ ಹೊಸದಾಗಿ ಕಲಿಸಬೇಕು. ಸುಮಾರು ಕಾರುಗಳಲ್ಲಿ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದಿದ್ದರೆ ಕಲಿಯುತ್ತದೆ. ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ.

ಬಾಗಿಲ ಒಳಬದಿಯ ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಹಾಗೇ ವಾಪಸ್ ಅಂಟಿಸಿ. ಗ್ಲಾಸಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುತ್ತಲೇ ಇರುತ್ತದೆ, ಕೆಳಗಿನ ತೂತಿಂದ ಹೊರಗೆ ಹೋಗುತ್ತದೆ. ಅದು ಸೀಟಿನ ಕಡೆ ಬರದಂತೆ ತಡೆಯೋದು ಆ ಹಾಳೆ. ನಾನು ಇದೇನು ಸುಮ್ನೆ ಕವರ್ ಅಂತ ಕಿತ್ತು ಬಿಸಾಡಿದ್ದೆ. ಮುಂದಿನ ಮಳೆಗೆ ಕಾಲಡಿಯ ಕಾರ್ಪೆಟ್ ನೆನೆದು ತೊಪ್ಪೆ ಆಯಿತು. ಒಣಗಲು ವಾರ ಹಿಡಿಯಿತು, ವಾಸನೆ ಇನ್ನೂ ಇದೆ.